ಬ್ರೋಡಿಗೆ ಹಿಡಿದಿಟ್ಟ ಜಾಗ

ಪೋರ್ಟ್ ಪೆನ್‌ಹೇಲ್
6 ಮಾರ್ಚ್ 2023

ಬ್ರೋಡಿ ಶಿರ್ಮರ್‌ಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಯಾರದೆಂದು ನಿನಗೆ ಗೊತ್ತಾಗಿರಬೇಕು. ನಿನ್ನ ತಾಯಿ ಬೆಳಿಗ್ಗೆ ಏಳಲಾಗದ ದಿನಗಳಲ್ಲಿ ನಿನ್ನ ಊಟದ ಡಬ್ಬಿಯ ಮೇಲೆ ಇದೇ ಅಕ್ಷರದಲ್ಲಿ ನಿನ್ನ ಹೆಸರು ಬರೆದು ಶಾಲೆಗೆ ಕಳಿಸುತ್ತಿದ್ದೆ. ಓದದೆ ಹರಿದು ಹಾಕಬಹುದು. ಆದರೆ ಓದುತ್ತೀಯ ಎಂದುಕೊಂಡಿದ್ದೇನೆ.

ನನ್ನ ಮಗಳು ಟೀಗನ್ ಹೋದ ಮೇಲೆ ನಾನು ಕಾಲೇಜಿನ ಗುಮಾಸ್ತಗಿರಿ ಬಿಟ್ಟಿದ್ದೆ. ಈಗ ಬೇರೆ ಕೆಲಸ ಸಿಕ್ಕಿದೆ. ಸೀಸದ ಕುಲುಮೆ ಮುಚ್ಚಿದ ಮೇಲೆ ಊರಿನ ಕಥೆ ಮುಗಿಯಿತು ಎಂದು ಎಲ್ಲರೂ ಕೈಚೆಲ್ಲಿ ಕೂತಿದ್ದಾಗ ರಾಜ್ಯ ಸರ್ಕಾರ ಇಲ್ಲಿ ಜಲಜನಕದ ಕಾರ್ಖಾನೆ ಕಟ್ಟುತ್ತೇನೆ ಎಂದಿದೆ. ಬಿಸಿಲು ಮತ್ತು ಗಾಳಿಯಿಂದ ಕರೆಂಟು, ಆ ಕರೆಂಟಿನಿಂದ ನೀರನ್ನು ಒಡೆದು ಜಲಜನಕ. ಸರ್ಕಾರವೇ ಹಣ ಹಾಕುತ್ತದೆ, ಸರ್ಕಾರವೇ ಕೆಲಸ ಕಲಿಸುತ್ತದೆ. ಅದರ ಊರಿನ ಕಚೇರಿಯಲ್ಲಿ ತರಬೇತಿಯ ಸೀಟುಗಳನ್ನು ನೋಡಿಕೊಳ್ಳುವವಳು ನಾನು.

ಬಿಡುಗಡೆ ಹತ್ತಿರವಿರುವ ಕೈದಿಗಳಿಗೆಂದು ಕೆಲವು ಸೀಟುಗಳನ್ನು ಇಟ್ಟಿದ್ದಾರೆ. ಜೈಲಿನಲ್ಲೇ ಪಾಠ, ಪರೀಕ್ಷೆ. ಹೊರಬಂದ ಮೇಲೆ ಇಲ್ಲಿ ಕೆಲಸ. ನೀನು ಅರ್ಜಿ ಹಾಕಬೇಕು. ನಿನಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು, ನಮ್ಮ ಅಡುಗೆಮನೆಯ ಮೇಜಿನಲ್ಲಿ ಕೂತು ಟೀಗನ್‌ಗೆ ಹೇಳಿಕೊಡುತ್ತಿದ್ದವನು ನೀನೇ.

ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಆ ಮಾತನ್ನು ನಾನು ಎಲ್ಲಿಯೂ ಆಡಿಲ್ಲ, ಇಲ್ಲಿಯೂ ಆಡುತ್ತಿಲ್ಲ. ಮತ್ತೆ, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ಮಿಸೆಸ್ ಟಿ ಎಂದು ಬರೆಯಬೇಡ.

ಗ್ಲೆನಿಸ್ ಟ್ರೆಸೈಸ್

•

29 ಮಾರ್ಚ್ 2023

ಮಿಸೆಸ್ ಟ್ರೆಸೈಸ್ ಅವರಿಗೆ,

ನಿಮಗೆ ಉತ್ತರ ಬರೆಯಬಹುದೇ ಎಂದು ಇಲ್ಲಿನ ಅಧಿಕಾರಿಯನ್ನು ಕೇಳಿದೆ. ನೀವೇ ಮೊದಲು ಬರೆದಿರುವುದರಿಂದ ಬರೆಯಬಹುದು ಅಂದರು.

ಏನು ಬರೆಯಬೇಕೋ ತಿಳಿಯುತ್ತಿಲ್ಲ. ಹೋಟೆಲಿನ ಕೆಲಸ ಮುಗಿಸಿ ಟೀಗನ್ ನಡೆದೇ ಹೋಗುತ್ತೇನೆ ಅಂದಿದ್ದಳು. ಬಾ, ಕಾರಲ್ಲಿ ಬಿಡ್ತೀನಿ ಅಂದವನು ನಾನು. ಕುಡಿದಿದ್ದವನೂ ನಾನು. ಕೋರ್ಟಿನಲ್ಲಿ ಹೇಳಿದ್ದಕ್ಕಿಂತ ಬೇರೆ ನನ್ನ ಬಳಿ ಏನೂ ಇಲ್ಲ.

ಇಲ್ಲಿ ನನ್ನನ್ನು ಬಟ್ಟೆ ಒಗೆಯುವ ಕಡೆ ಹಾಕಿದ್ದಾರೆ. ಅದು ನನಗೆ ಒಗ್ಗಿದೆ. ಹಬೆ, ಯಂತ್ರದ ಸದ್ದು, ಯಾರೂ ಮಾತಾಡಿಸುವುದಿಲ್ಲ. ಹೊರಗೆ ಬಂದ ಮೇಲೆ ಏನು ಎಂದು ಯೋಚಿಸುವುದನ್ನು ಬಿಟ್ಟಿದ್ದೇನೆ. ಯೋಚಿಸದೇ ಇದ್ದರೆ ಇಲ್ಲಿ ಕಾಲ ಕಳೆಯುವುದು ಸುಲಭ. ಆದ್ದರಿಂದ ಆ ಸೀಟನ್ನು ಬೇರೆ ಯಾರಿಗಾದರೂ ಕೊಡುವುದು ಒಳ್ಳೆಯದು.

ನೀವು ನನಗೆ ಯಾಕೆ ಬರೆದಿರಿ ಎಂದು ಕೇಳಬೇಕು ಅನ್ನಿಸುತ್ತದೆ. ಕೇಳುವ ಹಕ್ಕಿಲ್ಲ, ಗೊತ್ತು.

ಬ್ರೋಡಿ ಶಿರ್ಮರ್

•

ಪೋರ್ಟ್ ಪೆನ್‌ಹೇಲ್
10 ಏಪ್ರಿಲ್ 2023

ಪ್ರೀತಿಯ ಕೊರಲ್,

ಲಾನ್ಸೆಸ್ಟನ್‌ನಲ್ಲಿ ಆಗಲೇ ಚಳಿ ಎಂದು ಬರೆದಿದ್ದೀಯ. ಇಲ್ಲಿ ಇನ್ನೂ ಉತ್ತರದ ಬಿಸಿಗಾಳಿ. ಕೆಂಪು ಧೂಳು ಹಾಸಿಗೆಯೊಳಗೂ ಬಂದು ಕೂರುತ್ತದೆ.

ಬ್ರೋಡಿಗೆ ಕಾಗದ ಬರೆದೆಯಂತೆ, ಮನಸ್ಸು ಹಗುರವಾಯಿತೇ ಎಂದು ಕೇಳಿದ್ದೀಯ. ನೀನು ನನ್ನ ತಂಗಿ, ನಿನ್ನ ಮುಂದೆ ನಾಟಕ ಯಾಕೆ. ಅವನು ಈ ಸೀಟನ್ನು ಹಿಡಿಯುವಂತೆ ಮಾಡುತ್ತೇನೆ. ಓದಿಸುತ್ತೇನೆ. ಊರಿಗೆ ಬಂದು ಬದುಕುವ ಕನಸು ಅವನಿಗೆ ಬೀಳುವ ತನಕ ಬರೆಯುತ್ತಲೇ ಇರುತ್ತೇನೆ. ಕೊನೆಯ ಆಯ್ಕೆ ಮಾಡುವುದು ಮೂವರ ಸಮಿತಿ, ಊರಿನ ಪರವಾಗಿ ಅದರಲ್ಲಿ ನಾನು. ಕೈದಿಗಳ ವಿಷಯದಲ್ಲಿ ಊರಿನ ಪ್ರತಿನಿಧಿ ಬೇಡವೆಂದರೆ ಮುಗಿಯಿತು, ಕಾರಣ ಕೊಡಬೇಕಾಗಿಲ್ಲ. ಆ ದಿನ ನಾನು ಬೇಡ ಎನ್ನುತ್ತೇನೆ.

ಅವನ ಕಾಗದ ಓದಿದೆ. ಹಬೆಯ ನಡುವೆ ಬಟ್ಟೆ ಒಗೆಯುತ್ತಾ ಆರಾಮವಾಗಿದ್ದಾನೆ. ಅವನ ಬಳಿ ಏನೂ ಇಲ್ಲ, ಕೊರಲ್. ಏನೂ ಇಲ್ಲದವನಿಂದ ನಾನು ಏನನ್ನು ಕಿತ್ತುಕೊಳ್ಳಲಿ? ಹತ್ತೊಂಬತ್ತಕ್ಕೆ ಟೀಗನ್‌ಗೆ ಎಲ್ಲವೂ ಮುಂದಿತ್ತು. ಅವನಿಗೂ ಮುಂದೆ ಏನಾದರೂ ಇರಬೇಕು. ಮೊದಲು ಅದನ್ನು ಕೊಡಬೇಕು.

ಸತ್ತವಳ ತಾಯಿಯನ್ನು ಆ ಸಮಿತಿಯಲ್ಲಿ ಹೇಗೆ ಇಟ್ಟುಕೊಂಡರು ಎಂದು ನೀನು ಕೇಳುತ್ತೀಯ. ನಾನೇ ಎಲ್ಲ ಹೇಳಿದೆ, ನನಗೆ ಅಭ್ಯಂತರವಿಲ್ಲ ಎಂದೆ. ರಾಜಧಾನಿಯಿಂದ ಬಂದಿದ್ದ ಮೇಲಧಿಕಾರಿ ಕಣ್ಣೊರೆಸಿಕೊಂಡಳು. ಪ್ರಚಾರದವರು ನನ್ನ ಫೋಟೋ ಬೇಕೆಂದರು. ಮಗಳನ್ನು ಕಳೆದುಕೊಂಡ ತಾಯಿ, ಹಸಿರು ಇಂಧನ, ಹೊಸ ಬದುಕು. ಹಿಂದೆ ಗಾಳಿಯಂತ್ರ ಕಾಣುವಂತೆ ನಿಲ್ಲಿಸಿ ತೆಗೆದರು.

ನಿನ್ನ,
ಗ್ಲೆನಿಸ್

•

ಲಾನ್ಸೆಸ್ಟನ್
24 ಏಪ್ರಿಲ್ 2023

ಗ್ಲೆನಿಸ್,

ನಿನ್ನ ಕಾಗದವನ್ನು ಆಸ್ಪತ್ರೆಯ ಕೆಲಸದ ಮಧ್ಯೆ ಓದಿದೆ. ಆಮೇಲೆ ಒಬ್ಬ ಮುದುಕನ ಕೈಯಲ್ಲಿ ನರ ಹುಡುಕಲಾಗದೆ ಮೂರು ಸಲ ಚುಚ್ಚಿದೆ.

ನಿಲ್ಲಿಸು. ಟೀಗನ್ ನನ್ನ ಕೈಯಲ್ಲೂ ಬೆಳೆದವಳು, ನನಗೇನೂ ಆ ಹುಡುಗನ ಮೇಲೆ ಪ್ರೀತಿ ಉಕ್ಕುತ್ತಿಲ್ಲ. ಬೈಯಬೇಕೆ, ಮುಖಕ್ಕೆ ಬೈ. ಉಗಿಯಬೇಕೆ, ಹೋಗಿ ಉಗಿದು ಬಾ. ಸಾಕಿ ಕೊಲ್ಲುವುದು ಬೇಡ.

ನಾನು ಅವನಿಗೆ ಬರೆದು ಎಚ್ಚರಿಸಬಹುದು. ಬರೆಯುವುದಿಲ್ಲ. ನೀನೇ ಬುದ್ಧಿ ತಂದುಕೊಳ್ಳುತ್ತೀಯ ಎಂದು ಕಾಯುತ್ತೇನೆ.

ಕೊರಲ್

•

17 ಆಗಸ್ಟ್ 2023

ಮಿಸೆಸ್ ಟ್ರೆಸೈಸ್ ಅವರಿಗೆ,

ನೀವು ನಾಲ್ಕು ಸಲ ಬರೆದ ಮೇಲೆ ಅರ್ಜಿ ಹಾಕಿದ್ದು. ಈಗ ಹಾಕಿದ್ದು ಒಳ್ಳೆಯದಾಯಿತು ಅನ್ನಿಸುತ್ತಿದೆ, ಅದಕ್ಕೇ ತಿಳಿಸುತ್ತಿದ್ದೇನೆ. ಮೊದಲನೇ ಪರೀಕ್ಷೆ ಪಾಸಾಯಿತು.

ನಮಗೆ ಕಲಿಸಲು ಬರುವವರು ಮೊದಲು ಜಲಾಂತರ್ಗಾಮಿಯಲ್ಲಿ ಕೆಲಸ ಮಾಡಿದವರು. ಅಲ್ಲಿ ಉಸಿರಾಡಲು ನೀರಿನಿಂದಲೇ ಆಮ್ಲಜನಕ ತೆಗೆಯುತ್ತಾರಂತೆ, ಜಲಜನಕವನ್ನು ಹೊರಗೆ ಬಿಡುತ್ತಾರಂತೆ. ಅಲ್ಲಿ ಎಸೆಯುವುದನ್ನು ನೀವು ಇಲ್ಲಿ ಇಟ್ಟುಕೊಳ್ಳುತ್ತೀರಿ, ಅಷ್ಟೇ ವ್ಯತ್ಯಾಸ ಅಂದರು. ಒಂದು ಗಾಜಿನ ಪಾತ್ರೆ, ಎರಡು ತಂತಿ, ಸ್ವಲ್ಪ ಉಪ್ಪು ಹಾಕಿದ ನೀರು. ಒಂದು ತಂತಿಯ ಸುತ್ತ ಗುಳ್ಳೆಗಳು ಎದ್ದವು. ಕಡ್ಡಿ ಗೀರಿ ಹತ್ತಿರ ಹಿಡಿದರೆ ಪಟ್ ಎಂದಿತು. ನನ್ನ ಪಕ್ಕದವನು ಹೆದರಿ ಕುರ್ಚಿಯಿಂದ ಬಿದ್ದ. ನಾನು ನಕ್ಕೆ. ನಗುವುದು ಸರಿಯೇ ಎಂದು ಆಮೇಲೆ ಯೋಚನೆಯಾಯಿತು.

ಜಲಜನಕದ ಪಾಠ ಓದುತ್ತೇನೆಂದು ಇಲ್ಲಿ ಎಲ್ಲರೂ ನನ್ನನ್ನು ಬಲೂನ್ ಎಂದು ಕರೆಯುತ್ತಾರೆ. ಊಟದ ಸಾಲಿನಲ್ಲಿ ನಿಂತರೆ ಹಿಂದಿನಿಂದ, "ಲೇ ಬಲೂನ್, ಹಾರಿಹೋಗ್ಬೇಡ್ವೋ, ಗೋಡೆ ಮೇಲೆ ತಂತಿ ಇದೆ, ಚುಚ್ಕೊಳ್ತೀಯ" ಅನ್ನುತ್ತಾರೆ. ಮೊದಲು ನನಗೆ ಹೆಸರೇ ಇರಲಿಲ್ಲ. ಇದು ಪರವಾಗಿಲ್ಲ.

ಕಾರ್ಖಾನೆಯ ಕೆಲಸ ಎಲ್ಲಿಯವರೆಗೆ ಬಂತು? ಬರೆಯಲು ಬಿಡುವಾದರೆ ತಿಳಿಸಿ.

ಬ್ರೋಡಿ

•

ಪೋರ್ಟ್ ಪೆನ್‌ಹೇಲ್
2 ಸೆಪ್ಟೆಂಬರ್ 2023

ಬ್ರೋಡಿ,

ಕುಲುಮೆಯ ಹಿಂದಿನ ಬಯಲನ್ನೆಲ್ಲ ಸಮ ಮಾಡಿ ಬೇಲಿ ಹಾಕಿದ್ದಾರೆ. ಕಳೆದ ವಾರ ಮಂತ್ರಿ ಬಂದಿದ್ದ. ಜಲಜನಕದ ಬಸ್ಸಿನಲ್ಲಿ ಬಂದಿಳಿದು, ಅದರ ಹಿಂದಿನ ಕೊಳವೆಯಿಂದ ತೊಟ್ಟಿಕ್ಕುವ ನೀರನ್ನು ಕಪ್ಪಿನಲ್ಲಿ ಹಿಡಿದು ಎಲ್ಲರ ಮುಂದೆ ಕುಡಿದ. ಊರಿನವರು ಬ್ರೆಡ್ಡಿನಲ್ಲಿ ಸಾಸೇಜು ಸುತ್ತಿಕೊಂಡು ತಿನ್ನುತ್ತಾ ನೋಡಿದರು. ಕ್ಷೌರದ ಬರ್ಟ್ ನನ್ನ ಪಕ್ಕದಲ್ಲಿದ್ದ. "ಬಸ್ಸು ಉಚ್ಚೆ ಹೊಯ್ದಿದ್ದನ್ನೂ ಕುಡೀತಾನಲ್ಲಮ್ಮ, ಇವ್ನಿಗೇ ವೋಟು" ಅಂದ. ಬರ್ಟ್ ಹಾಗೆ ಅನ್ನುವುದು ಕೆಲಸ ನಡೆಯುತ್ತದೆ ಎಂದು ನಂಬಿಕೆ ಬಂದಾಗ ಮಾತ್ರ.

ಬೇಕರಿಯ ಮೇಲಿನ ಕೋಣೆ ಖಾಲಿಯಾಗುತ್ತಿದೆ. ಕಿಟಕಿಯಿಂದ ದೋಣಿ ನಿಲ್ಲುವ ಜೆಟ್ಟಿ ಕಾಣುತ್ತದೆ, ಬೆಳಗಿನ ಬ್ರೆಡ್ಡಿನ ವಾಸನೆ ಮೇಲಕ್ಕೇ ಬರುತ್ತದೆ. ನಿನಗೆಂದು ಹೇಳಿ ಇಟ್ಟಿದ್ದೇನೆ. ಅಲ್ಲಿಂದ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗಬಹುದು. ಗಾಡಿ ಓಡಿಸಲು ನಿನಗೆ ಬಿಡುವುದಿಲ್ಲವಲ್ಲ.

ಸಂಜೆ ಜೆಟ್ಟಿಯಲ್ಲಿ ಏಡಿ ಹಿಡಿಯುವವರು ಮೊದಲಿನ ಹಾಗೇ ಸೇರುತ್ತಾರೆ. ಅಲ್ಲಿ ನೀನು ಕೂತಿರುವುದನ್ನು ಊಹಿಸಿಕೊಂಡೆ. ನೀನೂ ಊಹಿಸಿಕೋ. ಓದುವಾಗ ಅದರಿಂದ ಅನುಕೂಲವಾಗುತ್ತದೆ.

ನಿನ್ನೆ ಟೀಗನ್‌ಗೆ ಇಪ್ಪತ್ತಮೂರು ತುಂಬುತ್ತಿತ್ತು.

ಗ್ಲೆನಿಸ್ ಟ್ರೆಸೈಸ್

•

11 ಫೆಬ್ರವರಿ 2024

ಮಿಸೆಸ್ ಟ್ರೆಸೈಸ್ ಅವರಿಗೆ,

ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕು. ಬೇರೆ ಯಾರನ್ನು ಕೇಳಬೇಕೋ ಗೊತ್ತಿಲ್ಲ. ಅಮ್ಮ ನೋಡಲು ಬಂದು ಒಂದು ವರ್ಷವಾಯಿತು.

ಇಲ್ಲಿಂದ ಹೋದ ಒಬ್ಬ ಕೈದಿಯ ಅಣ್ಣನಿಗೆ ಪಶ್ಚಿಮದ ಕಡಲತೀರದಲ್ಲಿ ದೋಣಿ ಕಟ್ಟುವ ಅಂಗಳವಿದೆ. ಬೆಸುಗೆ ಕೆಲಸಕ್ಕೆ ಜನ ಬೇಕಂತೆ. ಶಿಕ್ಷೆ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಡುವ ಪೆರೋಲಿನಲ್ಲೇ ನೇರವಾಗಿ ಅಲ್ಲಿಗೆ ಹೋಗಬಹುದು, ಇರಲು ಜಾಗವನ್ನೂ ಅವನೇ ಕೊಡುತ್ತಾನೆ. ಅಲ್ಲಿ ನನ್ನನ್ನು ಯಾರೂ ಬಲ್ಲವರಿಲ್ಲ. ಈ ತಿಂಗಳೊಳಗೆ ಒಪ್ಪಬೇಕು, ಇಲ್ಲವಾದರೆ ಮುಂದಿನವನಿಗೆ.

ಎರಡನೇ ಪರೀಕ್ಷೆಯಲ್ಲಿ ನಾನೇ ಮೊದಲು. ನಗಬೇಡಿ. ನನಗೆ ಕಾರ್ಖಾನೆಯೇ ಬೇಕು ಅನ್ನಿಸುತ್ತದೆ. ಆದರೆ ಆ ಊರಿನಲ್ಲಿ ನಿಮ್ಮ ಕಣ್ಣೆದುರು ಓಡಾಡುವುದು ನಿಮಗೆ ಶಿಕ್ಷೆಯಾಗುತ್ತದೆ ಎಂದರೆ ದೋಣಿ ಅಂಗಳಕ್ಕೆ ಹೋಗುತ್ತೇನೆ. ನೀವು ಹೇಳಿದ ಹಾಗೆ.

ಬ್ರೋಡಿ

•

ಪೋರ್ಟ್ ಪೆನ್‌ಹೇಲ್
20 ಫೆಬ್ರವರಿ 2024

ಬ್ರೋಡಿ,

ದೋಣಿ ಅಂಗಳ ಬೇಡವೆಂದು ಹೇಳಿಬಿಡು. ನಿನ್ನ ಜಾಗವನ್ನು ನಾನು ಇಲ್ಲಿ ಹಿಡಿದಿಟ್ಟಿದ್ದೇನೆ.

ಗ್ಲೆನಿಸ್ ಟ್ರೆಸೈಸ್

•

ಪೋರ್ಟ್ ಪೆನ್‌ಹೇಲ್
5 ಮೇ 2024

ಪ್ರೀತಿಯ ಕೊರಲ್,

ನೀನು ಉತ್ತರಿಸದಿದ್ದರೂ ನಾನು ಬರೆಯುವುದನ್ನು ನಿಲ್ಲಿಸಿಲ್ಲ, ನೋಡು. ಅವನು ದೋಣಿ ಅಂಗಳವನ್ನು ಬಿಟ್ಟುಕೊಟ್ಟ. ಮರುಟಪಾಲಿಗೇ ತಿಳಿಸಿದ. ಅವನ ಕಾಗದಗಳು ಈಗ ಉದ್ದವಾಗಿವೆ. ಗೋಡೆಯಾಚೆ ಒಂದು ಮರ ಇದೆಯಂತೆ, ಅದರಲ್ಲಿ ಕಾಕಟೂ ಗಿಳಿಗಳು ಬಂದು ಕೂರುತ್ತವಂತೆ, ಬಿಡುಗಡೆಯ ಹೊತ್ತಿಗೆ ಮರಿಗಳು ಹಾರುತ್ತವೆಯೇ ಎಂದು ಕೇಳುತ್ತಾನೆ. ನಾನೇನು ಪಕ್ಷಿಶಾಸ್ತ್ರಜ್ಞಳೇ?

ಕಾರ್ಖಾನೆಯ ಯಂತ್ರಗಳು ಹಡಗಿನಲ್ಲಿ ಬಂದಿಳಿದವು. ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳು, ಮನೆಯಷ್ಟು. ಊರೆಲ್ಲ ಬಂದರಿನಲ್ಲಿ ನಿಂತು ನೋಡಿತು. ವೇಯ್ನ್ ಹಾಕಿಂಗ್ ನೆನಪಿದೆಯಾ, ಟೀಗನ್ ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲಿ ಯಾವಾಗಲೂ ಬಾಗಿಲ ಪಕ್ಕ ಕೂರುತ್ತಿದ್ದವನು? ಇದಕ್ಕೆಂದೇ ಉತ್ತರದ ಗಣಿ ಕೆಲಸ ಬಿಟ್ಟು ಬಂದಿದ್ದಾನೆ. ಮೊದಲ ಪೆಟ್ಟಿಗೆ ಇಳಿದಾಗ ಟೋಪಿ ತೆಗೆದ, ಯಾವುದೋ ಶವ ಬಂದ ಹಾಗೆ.

ಸಮಿತಿ ಆಗಸ್ಟಿನಲ್ಲಿ ಸೇರುತ್ತದೆ. ಅಲ್ಲಿ ಏನು ಹೇಳಬೇಕು ಎಂಬುದು ಒಂದೇ ಪದ, ಆದರೂ ಅಡುಗೆ ಮಾಡುವಾಗ ಗಟ್ಟಿಯಾಗಿ ಹೇಳಿ ನೋಡುತ್ತೇನೆ. ಬ್ರೋಡಿಯ ಕಾಗದ ಬರಬೇಕಾದ ದಿನ ಬರದಿದ್ದರೆ ಅಂಚೆಯವಳ ಮೇಲೆ ರೇಗುತ್ತೇನೆ. ಅದು ಬೇರೆ ವಿಷಯ.

ಗ್ಲೆನಿಸ್

•

ಲಾನ್ಸೆಸ್ಟನ್
22 ಮೇ 2024

ಗ್ಲೆನಿಸ್,

ನಿನ್ನ ಕಳೆದ ಮೂರು ಕಾಗದಗಳಲ್ಲಿ ಟೀಗನ್‌ಗಿಂತ ಬ್ರೋಡಿಯ ಹೆಸರೇ ಹೆಚ್ಚು ಸಲ ಬಂದಿದೆ. ನೀನು ಗಮನಿಸಿರಲಿಕ್ಕಿಲ್ಲ ಎಂದು ತಿಳಿಸಿದೆ.

ಕೊರಲ್

•

ಪೋರ್ಟ್ ಪೆನ್‌ಹೇಲ್
8 ಆಗಸ್ಟ್ 2024

ಕೊರಲ್,

ಎಲ್ಲ ಮುಗಿಯಿತು. ಬೆಳಿಗ್ಗೆ ಕಚೇರಿಗೆ ಹೊರಡುವಾಗ ರೇಡಿಯೋದಲ್ಲಿ ಕೇಳಿದೆ. ಸರ್ಕಾರ ಕಾರ್ಖಾನೆಯನ್ನು ಕೈಬಿಟ್ಟಿದೆ. ಆದ್ಯತೆಗಳು ಬದಲಾಗಿವೆಯಂತೆ. ಜಲಜನಕ ಕೊಳ್ಳುತ್ತೇವೆ ಎಂದಿದ್ದ ವಿದೇಶದವರು ಹಿಂದೆ ಸರಿದರಂತೆ, ಸರ್ಕಾರ ಒಂದೇ ಹೊರಲಾರದಂತೆ. ಆ ಹಣ ರಾಜಧಾನಿಯ ಹತ್ತಿರ ಬೇರೆ ಯಾವುದಕ್ಕೋ ಹೋಗುತ್ತದೆ. ಬಸ್ಸಿನ ನೀರು ಕುಡಿದ ಮಂತ್ರಿಯೇ ಹೇಳಿದ, ಅದೇ ಹಿತವಾದ ದನಿಯಲ್ಲಿ.

ಕಚೇರಿಯಲ್ಲಿ ಹುಡುಗಿಯರು ಅಳುತ್ತಿದ್ದರು. ವೇಯ್ನ್ ಬಂದು ಬಾಗಿಲಿನ ಫಲಕವನ್ನು ಕಾಲಿನಿಂದ ಒದ್ದು ಒಡೆದ. ಯಾರೂ ತಡೆಯಲಿಲ್ಲ. ಅವನಿಗೆ ಅರವತ್ತು ಹತ್ತಿರ, ಬಿಟ್ಟು ಬಂದ ಗಣಿಯವರು ಇನ್ನು ಕರೆಯುವುದಿಲ್ಲ.

ಸಮಿತಿ ಮುಂದಿನ ಸೋಮವಾರ ಸೇರಬೇಕಿತ್ತು, ಕೊರಲ್. ಸೋಮವಾರ. ಅವನ ಹೆಸರು ನನ್ನ ಮುಂದೆ ಬರುತ್ತಿತ್ತು, ನಾನು ಆ ಒಂದು ಪದ ಹೇಳುತ್ತಿದ್ದೆ. ಹದಿನೇಳು ತಿಂಗಳು ಅದಕ್ಕಾಗಿ ಬೆಳಿಗ್ಗೆ ಎದ್ದೆ. ಈಗ ಯಾರೂ ಏನನ್ನೂ ಹೇಳಬೇಕಾಗಿಲ್ಲ. ಸೀಟೇ ಇಲ್ಲ. ನನ್ನ ಮಗಳ ಮುಖವನ್ನೂ ಕಾಣದ ಯಾರೋ ಒಬ್ಬರು ಎಲ್ಲೋ ಕೂತು ಒಂದು ಗೆರೆ ಎಳೆದರು, ಅದರ ಅಡಿಯಲ್ಲಿ ಅವನೂ ಸಿಕ್ಕಿಕೊಂಡ, ನಾನೂ.

ಅವರಿಗೆ ಅವನ ಮೇಲೆ ದ್ವೇಷ ಕೂಡ ಇರಲಿಲ್ಲ.

ಗ್ಲೆನಿಸ್

•

9 ಆಗಸ್ಟ್ 2024

ಪ್ರೀತಿಯ ಮಿಸೆಸ್ ಟಿ,

ಹೀಗೆ ಕರೆಯಬೇಡ ಎಂದಿದ್ದಿರಿ. ಇವತ್ತೊಂದು ದಿನ ಕ್ಷಮಿಸಿ.

ಊಟದ ಕೋಣೆಯ ಟಿವಿಯಲ್ಲಿ ನೋಡಿದೆವು. ಎಲ್ಲರೂ ನನ್ನ ಕಡೆ ತಿರುಗಿದರು. ಒಬ್ಬ ಬಾಯಿಂದ ಗಾಳಿ ಬಿಡುವ ಸದ್ದು ಮಾಡಿದ, ಬಲೂನಿನಿಂದ ಗಾಳಿ ಹೋಗುವ ಹಾಗೆ. ಆಮೇಲೆ ಎಲ್ಲರೂ ಮಾಡಿದರು. ಊಟ ಮುಗಿಯುವ ತನಕ ಮಾಡುತ್ತಲೇ ಇದ್ದರು.

ನನಗೆ ಮೊದಲು ನೆನಪಾದದ್ದು ನೀವು. ನಿಮ್ಮ ಕೆಲಸವೂ ಹೋಯಿತಲ್ಲ. ನೀವು ಎಷ್ಟು ಆಸೆಯಿಂದ ಬರೆಯುತ್ತಿದ್ದಿರಿ, ಬೇಕರಿ ಕೋಣೆಯ ವಿಷಯ, ಜೆಟ್ಟಿಯ ವಿಷಯ. ನನ್ನ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. ನನಗೆ ಇಷ್ಟಾದರೂ ಮಾಡಿದವರು ಬೇರೆ ಯಾರೂ ಇಲ್ಲ. ನಾನು ನಿಮ್ಮ ಮಗಳನ್ನು ಕಿತ್ತುಕೊಂಡೆ, ನೀವು ನನಗೆ ಲೆಕ್ಕದ ಪುಸ್ತಕ ಕಳಿಸಿದಿರಿ. ಇದನ್ನು ಯೋಚಿಸಿದಾಗಲೆಲ್ಲ ಎಲ್ಲಾದರೂ ಬಚ್ಚಿಟ್ಟುಕೊಳ್ಳಬೇಕು ಅನ್ನಿಸುತ್ತದೆ. ಆದರೂ ಬದುಕಬೇಕು ಅಂತಲೂ ಅನ್ನಿಸುತ್ತದೆ.

ಸರಿಯಾಗಿ ಊಟ ಮಾಡಿ. ಅಮ್ಮನಿಗೆ ಹೇಳಿ ನಿಮ್ಮ ಸೂರಿನ ಗಟಾರಿನ ಎಲೆ ತೆಗೆಸಲೇ ಎಂದುಕೊಂಡೆ, ಆಮೇಲೆ ಅಮ್ಮನ ವಿಷಯ ನೆನಪಾಯಿತು.

ನಿಮ್ಮ,
ಬ್ರೋಡಿ

•

ಪೋರ್ಟ್ ಪೆನ್‌ಹೇಲ್
19 ಆಗಸ್ಟ್ 2024

ಬ್ರೋಡಿ,

ನಿನ್ನ ಕೃತಜ್ಞತೆ ನನಗೆ ಬೇಡ. ಅದನ್ನು ಮನೆಯಲ್ಲಿ ಇಟ್ಟುಕೊಂಡು ಒಂದು ವಾರ ಕಳೆದೆ, ಇನ್ನು ಆಗುವುದಿಲ್ಲ.

ಬೇಕರಿಯ ಮೇಲೆ ಕೋಣೆ ಇದೆ. ನಾನು ಅದನ್ನು ನಿನಗೆಂದು ಹೇಳಿ ಇಟ್ಟಿರಲಿಲ್ಲ. ನಿನ್ನ ಸೀಟಿನ ಬಗ್ಗೆ ಕೊನೆಯ ಮಾತು ನನ್ನದಾಗಿತ್ತು, ಮತ್ತು ನಾನು ಬೇಡ ಎನ್ನುವವಳಿದ್ದೆ. ಮೊದಲ ಕಾಗದ ಬರೆದ ದಿನವೇ ಅದು ತೀರ್ಮಾನವಾಗಿತ್ತು. ನೀನು ಓದಬೇಕು, ಆಸೆ ಪಡಬೇಕು, ಆಮೇಲೆ ಕಳೆದುಕೊಳ್ಳಬೇಕು, ಕಳೆದುಕೊಂಡದ್ದು ನನ್ನಿಂದ ಎಂದು ತಿಳಿಯಬೇಕು. ಸರ್ಕಾರ ನಡುವೆ ಬಂತು. ದೋಣಿ ಅಂಗಳವನ್ನು ತಪ್ಪಿಸಿದ್ದು ಮಾತ್ರ ನನ್ನ ಕೆಲಸ. ಅದನ್ನು ಯಾರೂ ನನ್ನಿಂದ ಕಸಿದುಕೊಳ್ಳಲಾರರು.

ಈಗ ನಿನಗೆ ಎಲ್ಲವೂ ಗೊತ್ತು. ನನ್ನ ಗಟಾರಿನ ಚಿಂತೆ ನಿನಗೆ ಬೇಡ.

ಗ್ಲೆನಿಸ್ ಟ್ರೆಸೈಸ್

•

30 ಅಕ್ಟೋಬರ್ 2024

ಮಿಸೆಸ್ ಟ್ರೆಸೈಸ್ ಅವರಿಗೆ,

ಮುಂದಿನ ತಿಂಗಳ ಕೊನೆಗೆ ನನಗೆ ಪೆರೋಲು. ಎಲ್ಲಿ ಇರುತ್ತೀಯ ಎಂದು ಕೇಳಿದರು. ದೋಣಿ ಅಂಗಳಕ್ಕೆ ಬರೆದು ನೋಡಿದೆ, ಬೇರೆಯವನು ಬಂದಾಯಿತು ಅಂದರು. ಉಳಿದಿದ್ದು ಅಮ್ಮನ ಮನೆ. ಅದು ನಿಮ್ಮ ಮನೆಯಿಂದ ಎರಡು ಬೀದಿ ಆಚೆ, ನಿಮಗೇ ಗೊತ್ತು. ಊರು ಬಿಟ್ಟು ಹೋಗಬೇಕಾದರೆ ಅನುಮತಿ ಬೇಕು, ಅನುಮತಿಗೆ ಬೇರೆ ಕಡೆ ಕೆಲಸ ಇರಬೇಕು.

ಹೇಳದೆ ಬಂದು ನಿಮ್ಮ ಎದುರಿಗೆ ಸಿಕ್ಕರೆ ತಪ್ಪಾಗುತ್ತದೆ ಎಂದು ಇದನ್ನು ಬರೆದೆ. ನಾನು ಮಾತಾಡಿಸುವುದಿಲ್ಲ.

ಬ್ರೋಡಿ ಶಿರ್ಮರ್

•

ಪೋರ್ಟ್ ಪೆನ್‌ಹೇಲ್
3 ಮಾರ್ಚ್ 2025

ಕೊರಲ್,

ನಿನಗೆ ಬರೆಯದೆ ಬಹಳ ದಿನವಾಯಿತು. ಇವತ್ತು ಬರೆಯಲೇಬೇಕು.

ಬ್ರೋಡಿ ಡಿಸೆಂಬರಿನಿಂದ ಇಲ್ಲೇ ಇದ್ದ. ಅವನು ಒಂದು ಬದಿಯಲ್ಲಿ ಬಂದರೆ ನಾನು ಇನ್ನೊಂದು ಬದಿಗೆ ದಾಟುತ್ತಿದ್ದೆ. ಕೆಲವು ಸಲ ಇಬ್ಬರೂ ಒಟ್ಟಿಗೆ ದಾಟಿ ರಸ್ತೆಯ ನಡುವೆ ಎದುರಾಗುತ್ತಿದ್ದೆವು. ಊರು ಅವನನ್ನು ಚೆನ್ನಾಗಿಯೇ ನೋಡಿಕೊಂಡಿತು, ಅಂದರೆ ಯಾರೂ ಕೆಲಸ ಕೊಡಲಿಲ್ಲ, ಹೋಟೆಲಿನಲ್ಲಿ ಅವನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು, ಅವನ ಅಮ್ಮನ ಮನೆಯ ಬೇಲಿಗೆ ಯಾರೋ ಟೀಗನ್ ಎಂದು ಬಣ್ಣದಲ್ಲಿ ಬರೆದರು. ನನ್ನ ಮಗಳ ಹೆಸರು, ಕೊರಲ್, ಕಾಗುಣಿತ ತಪ್ಪಾಗಿ. ಅವನು ಅದನ್ನು ಉಜ್ಜಿ ತೆಗೆಯುತ್ತಿದ್ದುದನ್ನು ನಾನು ಮೂಲೆಯಲ್ಲಿ ನಿಂತು ನೋಡಿದೆ.

ಆಮೇಲೆ ಕಾರ್ಖಾನೆಯ ಸಾಮಾನು ಹರಾಜಿಗೆ ಬಂತು. ಆ ದೊಡ್ಡ ಪೆಟ್ಟಿಗೆಗಳನ್ನು ಬೇರೆ ರಾಜ್ಯದ ಕಂಟ್ರಾಕ್ಟರನೊಬ್ಬ ಕೊಂಡ. ಅವುಗಳನ್ನು ಹೇಗೆ ಎತ್ತಬೇಕು, ಒಳಗೆ ನೀರನ್ನು ಒಡೆಯುವ ಪೊರೆ ಒಣಗದಂತೆ ಹೇಗೆ ಇಡಬೇಕು ಎಂದು ಬಲ್ಲವರು ಇಲ್ಲಿ ಯಾರೂ ಇರಲಿಲ್ಲ, ಜೈಲಿನಲ್ಲಿ ಓದಿ ಬಂದ ಅವನೊಬ್ಬನನ್ನು ಬಿಟ್ಟರೆ. ಬ್ರೋಡಿ ಮೂರು ವಾರ ಅವನ ಹತ್ತಿರ ಕೆಲಸ ಮಾಡಿದ. ಆ ಕಂಟ್ರಾಕ್ಟರ್ ಪೆಟ್ಟಿಗೆಗಳ ಜೊತೆ ಇವನನ್ನೂ ಕರೆದುಕೊಂಡು ಹೋಗಲು ಪೆರೋಲಿನವರಿಗೆ ಬರೆದ, ಅವರು ಒಪ್ಪಿದರು. ಇದನ್ನು ನನಗೆ ಹೇಳಿದ್ದು ಬರ್ಟ್. "ನಿಮ್ ಹುಡ್ಗ ಪಾರಾದ ಬಿಡಮ್ಮ" ಅಂದ. ನನ್ನ ಹುಡುಗನಂತೆ.

ಶನಿವಾರ ಹರಾಜಿನ ಕೊನೆಯ ದಿನ. ಚರ್ಚಿನ ಹೆಂಗಸರ ಜೊತೆ ನಾನು ಚಹಾದ ಮೇಜಿನಲ್ಲಿದ್ದೆ. ಕುರ್ಚಿ, ಹೆಲ್ಮೆಟ್ಟು, ನಾನು ಕೂರುತ್ತಿದ್ದ ಮೇಜು, ಎಲ್ಲ ಹೋಯಿತು. ವೇಯ್ನ್ ಬೆಳಿಗ್ಗೆಯಿಂದ ಕುಡಿದಿದ್ದ. ಬ್ರೋಡಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ, ನನ್ನಿಂದ ಹತ್ತು ಮಾರು ದೂರದಲ್ಲಿ. ವೇಯ್ನ್ ಹೋಗಿ ಹತ್ತಿರ ನಿಂತ.

"ನಮ್ಗೆಲ್ಲ ಇಲ್ಲಿ ಮಣ್ಣು, ನಿಂಗೆ ಮಾತ್ರ ಕೆಲ್ಸ. ಹೇಗಪ್ಪ ಅದು?"

ಬ್ರೋಡಿ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ.

"ಈಗ ಯಾರನ್ನ ಮನೆಗೆ ಬಿಡೋಕೆ ಹೊರಟಿದೀಯೋ?" ಎಂದು ಕೇಳಿ ನನ್ನ ಕಡೆ ನೋಡಿ ಕಣ್ಣು ಹೊಡೆದ, ನನಗೆ ಖುಷಿಯಾಗಲಿ ಎಂದು.

ಬ್ರೋಡಿ ಆಗಲೂ ಹಗ್ಗ ಬಿಗಿಯುತ್ತಲೇ ಇದ್ದ. ವೇಯ್ನ್ ಅವನ ಕಿವಿಯ ಮೇಲೆ ಹೊಡೆದ. ಮತ್ತೆ ಹೊಡೆದ. ಮೂರನೆಯದಕ್ಕೆ ಕೈ ಎತ್ತಿದಾಗ ಬ್ರೋಡಿ ಎರಡೂ ಕೈಯಿಂದ ಅವನನ್ನು ದೂರ ತಳ್ಳಿದ. ತಳ್ಳಿದ, ಅಷ್ಟೇ. ಕುಡಿದವನು ಹಿಂದಕ್ಕೆ ಹೋಗಿ ಕಾಂಕ್ರೀಟ್ ಕಟ್ಟೆಯ ಮೇಲೆ ಬಿದ್ದ. ಸೊಂಟದ ಮೂಳೆ ಮುರಿದಿದೆ. ಉಳಿದವರೆಲ್ಲ ಹರಾಜು ಕೂಗುವವನ ಕಡೆ ತಿರುಗಿದ್ದರು, ಕೂಗು ಕೇಳಿ ಓಡಿ ಬಂದರು. ಅವರು ನೋಡಿದ್ದು ಬಿದ್ದವನನ್ನು ಮತ್ತು ನಿಂತವನನ್ನು.

ಪೊಲೀಸಿನ ಹುಡುಗ ಬಂದ. ವೇಯ್ನ್‌ನ ಗೆಳೆಯರು ಇವನೇ ಮೊದಲು ಕೈ ಮಾಡಿದ್ದು ಅಂದರು. ಪೆರೋಲಿನಲ್ಲಿರುವವನು ಕೈ ಮಾಡಿದರೆ ಏನಾಗುತ್ತದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಪೊಲೀಸಿನವನು ನನ್ನ ಮೇಜಿಗೆ ಬಂದು, ನೀವೇ ಹತ್ತಿರ ಇದ್ದವರು, ಏನು ನೋಡಿದಿರಿ ಎಂದು ಕೇಳಿದ.

ಆಗ ನನಗೆ ಹೊಳೆಯಿತು, ಕೊರಲ್. ಅವನ ಬಳಿ ಈಗ ಏನೋ ಇದೆ. ಹೋಗಲು ಒಂದು ಊರಿದೆ, ಕಾಯುತ್ತಿರುವ ಲಾರಿ ಇದೆ.

ನಾನು ಚಹಾ ಬಗ್ಗಿಸುತ್ತಿದ್ದೆ, ಏನನ್ನೂ ನೋಡಲಿಲ್ಲ ಎಂದೆ.

ಖುಷಿಯಾಯಿತೇ ಎಂದು ನೀನು ಕೇಳುತ್ತೀಯ. ಆ ಗಳಿಗೆಯಲ್ಲಿ ಆಯಿತು. ಅವನನ್ನು ಗಾಡಿಗೆ ಹತ್ತಿಸುವಾಗ ತಲೆ ತಗುಲದಿರಲಿ ಎಂದು ಪೊಲೀಸಿನವನು ಅವನ ನೆತ್ತಿಯ ಮೇಲೆ ಕೈಯಿಟ್ಟು ಬಗ್ಗಿಸಿದ. ಅಲ್ಲಿಯವರೆಗೆ ಆಯಿತು.

ಗ್ಲೆನಿಸ್

•

ಲಾನ್ಸೆಸ್ಟನ್
14 ಮಾರ್ಚ್ 2025

ಗ್ಲೆನಿಸ್,

ನಿನ್ನ ಕಾಗದವನ್ನು ಪೊಲೀಸರಿಗೆ ಕಳಿಸಲು ಲಕೋಟೆಯ ಮೇಲೆ ವಿಳಾಸ ಬರೆದೆ. ಕಳಿಸಲಿಲ್ಲ. ಅಷ್ಟು ಒಳ್ಳೆಯವಳಾಗಿದ್ದರೆ ಎರಡು ವರ್ಷದ ಹಿಂದೆಯೇ ಆ ಹುಡುಗನಿಗೆ ಒಂದು ಸಾಲು ಬರೆಯುತ್ತಿದ್ದೆ. ನೀನು ನನಗೆ ಎಲ್ಲವನ್ನೂ ಮೊದಲೇ ಹೇಳಿದ್ದೆ, ನಾನು ನಿನಗೆ ಬುದ್ಧಿ ಹೇಳಿ ಕೈ ತೊಳೆದುಕೊಂಡೆ.

ಈಸ್ಟರಿಗೆ ಬರುವ ಯೋಚನೆ ಇದ್ದರೆ ಬರಬೇಡ. ನಿನ್ನ ಮುಖ ನೋಡಬಲ್ಲೆ. ಅದರಲ್ಲಿ ನನ್ನದು ಕಾಣುತ್ತದೆ, ಅದನ್ನು ನೋಡಲಾರೆ.

ಕೊರಲ್

•

2 ಏಪ್ರಿಲ್ 2025

ಗ್ಲೆನಿಸ್,

ಪೆರೋಲು ರದ್ದಾಯಿತು. ಉಳಿದ ಶಿಕ್ಷೆಯನ್ನು ಪೂರ್ತಿ ಕಳೆಯಬೇಕು, ಮೇಲೆ ಹೊಸ ಕೇಸು. ಲಾರಿಗಳು ಹೋದವಂತೆ. ಪೊರೆಗಳನ್ನು ಒದ್ದೆ ಇಟ್ಟರೋ ಇಲ್ಲವೋ ಗೊತ್ತಿಲ್ಲ. ಮತ್ತೆ ಬಟ್ಟೆ ಒಗೆಯುವ ಕಡೆಯೇ ಹಾಕಿದ್ದಾರೆ.

ನಿಮಗೆ ಒಂದು ಮಾತು ಹೇಳಬೇಕಿತ್ತು. ಆ ದಿನ ವೇಯ್ನ್‌ನ ಗೆಳೆಯರು ಸುಳ್ಳು ಹೇಳುತ್ತಿದ್ದಾಗ ಇನ್ನು ಮುಗಿಯಿತು ಎಂದುಕೊಂಡಿದ್ದೆ. ಪೊಲೀಸಿನವನು ನಿಮ್ಮ ಕಡೆ ತಿರುಗಿದಾಗ ಜೀವ ಬಂತು. ನೀವು ಎಲ್ಲವನ್ನೂ ನೋಡಿದ್ದಿರಿ, ನನ್ನ ಕಣ್ಣಿಗೆ ಕಾಣುತ್ತಿತ್ತು. ನೀವು ನನ್ನನ್ನು ದ್ವೇಷಿಸುತ್ತೀರಿ, ಅದು ಗೊತ್ತಿತ್ತು. ಆದರೆ ನನಗೆ ಮಾಡಿದ್ದನ್ನು ನನಗೇ ಬರೆದು ತಿಳಿಸಿದವರು ನೀವು. ಸುಳ್ಳು ಹೇಳುವವರಲ್ಲ ಎಂದುಕೊಂಡೆ.

ಸಿಟ್ಟಿಲ್ಲ ಎಂದು ಬರೆದರೆ ಅದು ಸುಳ್ಳು. ಸಿಟ್ಟಿದೆ. ಮೊದಲು ಇರಲಿಲ್ಲ, ಅದಕ್ಕೆ ನನಗೆ ಹಕ್ಕಿಲ್ಲ ಎಂದು ಇದ್ದೆ. ನೀವು ಅದನ್ನೂ ಕಲಿಸಿದಿರಿ. ರಾತ್ರಿ ಟೀಗನ್ ನೆನಪಾದರೆ ಮೊದಲು ಅಳು ಬರುತ್ತಿತ್ತು. ಈಗ ಅವಳ ಮುಖದ ಜಾಗದಲ್ಲಿ ಚಹಾ ಬಗ್ಗಿಸುವ ನಿಮ್ಮ ಮುಖ ಬಂದು ನಿಲ್ಲುತ್ತದೆ. ಅವಳನ್ನು ಹುಡುಕಬೇಕಾಗುತ್ತದೆ.

ಇಲ್ಲಿ ನನಗೆ ಬೇರೆ ಯಾರಿಂದಲೂ ಕಾಗದ ಬರುವುದಿಲ್ಲ. ಗುರುವಾರ ಅಂಚೆ ಹಂಚುವಾಗ ಹೆಸರು ಕೂಗುತ್ತಾರೆ, ಉಳಿದವರ ಹಾಗೆ ನಾನೂ ತಲೆ ಎತ್ತುತ್ತೇನೆ. ಎತ್ತಬಾರದು ಎಂದುಕೊಂಡರೂ ಎತ್ತುತ್ತೇನೆ.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ದಯವಿಟ್ಟು ಇನ್ನು ಬರೆಯಬೇಡಿ. ಬರೆದರೆ ನಾನು ಓದಿಬಿಡುತ್ತೇನೆ.

ಬ್ರೋಡಿ